60 ಸಾವಿರದ ಗೇಮಿಂಗ್ ಪಿಸಿ: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಅಕ್ಕನ ಮಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಎರಡು ವರ್ಷ ಕೂಡಿಟ್ಟಿದ್ದು, ಅಜ್ಜಿ ಕೊಟ್ಟಿದ್ದು ಎಲ್ಲಾ ಸೇರಿ ಅವನ ಹತ್ತಿರ 60 ಸಾವಿರ ರೂಪಾಯಿ ಆಗಿತ್ತು. ಮಾನಿಟರ್ ಅಪ್ಪ ಕೊಡಿಸುತ್ತಾರೆ. ಉಳಿದಿದ್ದೆಲ್ಲ ಈ 60ರಲ್ಲೇ ಆಗಬೇಕು. ಅಂಗಡಿಯೊಂದರಲ್ಲಿ ಪಟ್ಟಿ ಬರೆಸಿಕೊಂಡು ಅದರ ಫೋಟೋ ನನಗೆ ಕಳಿಸಿದ್ದ.

ಪಟ್ಟಿ ನೋಡಲು ಚೆಂದ ಇತ್ತು. ಐ7 ಪ್ರೊಸೆಸರ್, 32 ಜಿಬಿ ರ‍್ಯಾಮ್, ಬಣ್ಣದ ಲೈಟ್ ಇರುವ ಕ್ಯಾಬಿನೆಟ್, ಅದರ ಜೊತೆ 450 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬ) ಉಚಿತ. ಕೊನೆಯ ಸಾಲಿನಲ್ಲಿ ಗ್ರಾಫಿಕ್ಸ್ ಕಾರ್ಡ್, 4 ಜಿಬಿ. ಐ7 ಯಾವ ತಲೆಮಾರಿನದು ಅಂತ ಕೇಳಿ ಬಾ ಎಂದೆ. ನಾಲ್ಕನೇ ತಲೆಮಾರಂತೆ. ಅಂದರೆ 2013ರ ಹೊತ್ತಿನ ಚಿಪ್. ಇವತ್ತಿನ ಸಾಮಾನ್ಯ ಐ3-12100ಎಫ್ ಕೂಡ ಆಟದಲ್ಲಿ ಅದನ್ನು ಹಿಂದೆ ಹಾಕುತ್ತದೆ. ಎರಡರಲ್ಲೂ ನಾಲ್ಕೇ ಕೋರ್ (ಚಿಪ್ ಒಳಗೆ ಲೆಕ್ಕ ಮಾಡುವ ಘಟಕ), ಆದರೆ ನಡುವೆ ಎಂಟು ವರ್ಷಕ್ಕಿಂತ ಜಾಸ್ತಿ ಕೆಲಸ ಆಗಿದೆ.

ಅವನಿಗೆ ನಾನು ಹೇಳಿದ್ದು ಒಂದೇ ಮಾತು. ಪ್ರತಿಯೊಂದು ಭಾಗ ಕೊಳ್ಳುವಾಗಲೂ ಒಂದು ಪ್ರಶ್ನೆ ಕೇಳಿಕೋ: ಇದನ್ನು ಆಮೇಲೆ ಬದಲಾಯಿಸಬಹುದಾ, ಬದಲಾಯಿಸಿದರೆ ಬೇರೆ ಏನಾದರೂ ದಂಡ ಆಗುತ್ತಾ? ಆಮೇಲೆ ಸುಲಭವಾಗಿ ಸೇರಿಸಬಹುದಾದ ಕಡೆ ಈಗ ಉಳಿಸು. ಬೇರೆಯದನ್ನೆಲ್ಲ ಹೊತ್ತು ನಿಲ್ಲುವ ಭಾಗದಲ್ಲಿ ಉಳಿಸಬೇಡ. ಎರಡು ಆಯ್ಕೆಗಳ ನಡುವೆ ಸಿಕ್ಕಿಹಾಕಿಕೊಂಡಾಗೆಲ್ಲ ನನಗೆ ದಾರಿ ತೋರಿಸಿದ್ದು ಈ ಪ್ರಶ್ನೆಯೇ. ಮುಂದಿನ ಹೋಲಿಕೆಗಳನ್ನೂ ಅದೇ ಕಣ್ಣಿನಲ್ಲಿ ನೋಡಿ.

ಬೆಲೆಗಳು ವಾರಕ್ಕೊಮ್ಮೆ ಬದಲಾಗುತ್ತವೆ. ಹಾಗಾಗಿ ರೂಪಾಯಿ ಲೆಕ್ಕ ಕಡಿಮೆ ಕೊಟ್ಟು, ಯಾವುದರ ಎದುರು ಯಾವುದು ಅನ್ನೋದನ್ನೇ ಜಾಸ್ತಿ ಹೇಳುತ್ತೇನೆ.

ಮೊದಲು ಆಟ, ಆಮೇಲೆ ಪರದೆ

ಯಾವ ಆಟ ಆಡುತ್ತೀರಿ ಅನ್ನೋದು ಗೊತ್ತಿಲ್ಲದೆ ಭಾಗ ಆರಿಸಲು ಹೋಗಬೇಡಿ. ನಮ್ಮ ಹುಡುಗ ದಿನಾ ಆಡುವುದು ವ್ಯಾಲೊರಂಟ್. ರಜೆಯಲ್ಲಿ ಜಿಟಿಎ 5, ಆಮೇಲೆ ಸೈಬರ್‌ಪಂಕ್ 2077 ಆಡುವ ಆಸೆ. ಈ ಎರಡು ಬಗೆಯ ಆಟಗಳು ಪಿಸಿಯಿಂದ ಕೇಳುವುದೇ ಬೇರೆ ಬೇರೆ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದ ಸ್ಪರ್ಧೆಯ ಆಟಗಳಿಗೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದೇ ಮುಖ್ಯ. ಅಲ್ಲಿ ಪ್ರೊಸೆಸರ್ ಜಾಸ್ತಿ ದುಡಿಯುತ್ತದೆ. ಸೈಬರ್‌ಪಂಕ್ ಥರದ ಆಟದಲ್ಲಿ ಬೆಳಕು, ನೆರಳು, ಮಳೆಯಲ್ಲಿ ಒದ್ದೆಯಾದ ರಸ್ತೆ ಎಲ್ಲವನ್ನೂ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಅಲ್ಲಿ ದುಡಿಮೆಯೆಲ್ಲ ಅದರದ್ದೇ.

ಪರದೆ ವಿಷಯದಲ್ಲಿ ಈ ಬಜೆಟ್‌ಗೆ 24 ಇಂಚಿನ 1080ಪಿ (ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ) ಸರಿ. 1440ಪಿ ಪರದೆಯಲ್ಲಿ ಚುಕ್ಕೆಗಳ ಸಂಖ್ಯೆ 1080ಪಿಗಿಂತ ಸುಮಾರು 78 ಶೇಕಡಾ ಜಾಸ್ತಿ. ಅಷ್ಟನ್ನೂ ಎಳೆಯಲು ಕಾರ್ಡ್ ದೊಡ್ಡದಾಗಬೇಕು, ಆಗ 60 ಸಾವಿರ ಸಾಲದು. ಸ್ಪರ್ಧೆಯ ಆಟ ಆಡುವವರು 144 ಅಥವಾ 165 ಹರ್ಟ್ಜ್‌ನ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಾಗುವ) ಪರದೆ ತೆಗೆದುಕೊಳ್ಳಿ. ಬರೀ ಕಥೆಯ ಆಟ ಆಡುವವರಿಗೆ 75 ಅಥವಾ 100 ಹರ್ಟ್ಜ್ ಸಾಕು. ಪರದೆಯ ಎರಡು ಬಗೆಗಳಾದ ಐಪಿಎಸ್ ಮತ್ತು ವಿಎ ಪ್ಯಾನೆಲ್ ನಡುವೆ ನನ್ನ ಮತ ಐಪಿಎಸ್‌ಗೆ. ವಿಎನಲ್ಲಿ ಕಪ್ಪು ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಅಗ್ಗದ ವಿಎ ಪರದೆಗಳಲ್ಲಿ ಕತ್ತಲ ದೃಶ್ಯ ವೇಗವಾಗಿ ಓಡಿದಾಗ ಹಿಂದೆ ಮಸಿ ಎಳೆದ ಹಾಗೆ ಆಗುತ್ತದೆ. ಒಮ್ಮೆ ಕಣ್ಣಿಗೆ ಬಿತ್ತೆಂದರೆ ಮತ್ತೆ ಮರೆಯಾಗುವುದಿಲ್ಲ.

ಗ್ರಾಫಿಕ್ಸ್ ಕಾರ್ಡ್: ದೊಡ್ಡ ಪಾಲು ಇದಕ್ಕೇ

60 ಸಾವಿರದಲ್ಲಿ 22ರಿಂದ 25 ಸಾವಿರ ಕಾರ್ಡ್‌ಗೆ ಹೋಗಲಿ. ಇಲ್ಲೇ ಗೊಂದಲವೂ ಜಾಸ್ತಿ, ಯಾಕೆಂದರೆ ಹೆಸರುಗಳು ದಾರಿ ತಪ್ಪಿಸುತ್ತವೆ.

ಎಲ್ಲ ಅಂಗಡಿಯಲ್ಲೂ ಮೊದಲು ಕೈಗೆ ಕೊಡುವುದು ಆರ್‌ಟಿಎಕ್ಸ್ 3050. ಈ ಹೆಸರಿನಲ್ಲಿ ಎರಡು ಕಾರ್ಡ್ ಇವೆ. 2022ರಲ್ಲಿ ಬಂದ 8 ಜಿಬಿಯದು ಒಂದು, 2024ರಲ್ಲಿ ಬಂದ 6 ಜಿಬಿಯದು ಇನ್ನೊಂದು. ವ್ಯತ್ಯಾಸ ಮೆಮೊರಿಯಲ್ಲಿ ಮಾತ್ರ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. 6 ಜಿಬಿಯದರಲ್ಲಿ ಒಳಗಿನ ಕೋರ್‌ಗಳೂ ಕಡಿಮೆ, ಮೆಮೊರಿಗೆ ಹೋಗುವ ದಾರಿಯೂ 128 ಬಿಟ್‌ನಿಂದ 96 ಬಿಟ್‌ಗೆ ಕಿರಿದಾಗಿದೆ. ಅದರ ನಿಜವಾದ ಗುಣ ಬೇರೆ: ಬರೀ 70 ವ್ಯಾಟ್ ಸಾಕು, ಬೇರೆ ಪವರ್ ಕೇಬಲ್ ಬೇಡ. ಹಳೆಯ ಆಫೀಸ್ ಪಿಸಿಗೆ ಹಾಕಲು ಅದು ಒಳ್ಳೆಯ ಕಾರ್ಡ್. ಹೊಸದಾಗಿ ಜೋಡಿಸುತ್ತಿರುವ ಪಿಸಿಗೆ ಬೇಡ.

ಅದರ ಎದುರು ಆರ್‌ಎಕ್ಸ್ 6600 ಇಟ್ಟು ನೋಡಿ. 2021ರ ಅಕ್ಟೋಬರ್‌ನಲ್ಲಿ ಬಂದ ಕಾರ್ಡ್, 8 ಜಿಬಿ, 132 ವ್ಯಾಟ್. ಎರಡು 3050ಗಳನ್ನೂ 1080ಪಿನಲ್ಲಿ ಸಲೀಸಾಗಿ ಹಿಂದೆ ಹಾಕುತ್ತದೆ. ಬೆಲೆ ಕೆಲವು ಸಾವಿರ ಜಾಸ್ತಿ ಇದ್ದರೂ ಆ ದುಡ್ಡು ಪರದೆ ಮೇಲೆ ಕಾಣುತ್ತದೆ. ವಯಸ್ಸಾಗುತ್ತಿದೆ ಅನ್ನೋದೂ ನಿಜ. ಎಎಂಡಿ ತನ್ನ ಉತ್ತಮವಾದ ಎಫ್‌ಎಸ್‌ಆರ್ 4 (ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ದೊಡ್ಡದು ಮಾಡುವ) ತಂತ್ರವನ್ನು ತಂದಿದ್ದು 9000 ಸರಣಿಯ ಕಾರ್ಡ್‌ಗಳ ಜೊತೆ. ಹಾಗಿದ್ದರೂ ಆಡಲು ಮಾತ್ರ ಬೇಕು, ದುಡ್ಡು ಬಿಗಿ ಇದೆ ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಆರ್‌ಟಿಎಕ್ಸ್ 3060, 12 ಜಿಬಿಯದು, ಆಟದಲ್ಲಿ 6600ಕ್ಕಿಂತ ತುಂಬಾ ಮುಂದೇನೂ ಇಲ್ಲ. ಆದರೆ ಬ್ಲೆಂಡರ್ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್) ಕಲಿಯುವವರು, ವಿಡಿಯೋ ಎಡಿಟ್ ಮಾಡುವವರು, ಕಾಲೇಜಿನಲ್ಲಿ ಮಷಿನ್ ಲರ್ನಿಂಗ್ ಪ್ರಾಜೆಕ್ಟ್ ಇರುವವರು ಇದನ್ನೇ ನೋಡಬೇಕು. ಎನ್‌ವಿಡಿಯಾದ ಕೂಡಾ (CUDA, ಕಾರ್ಡ್‌ನಿಂದ ಲೆಕ್ಕದ ಕೆಲಸ ಮಾಡಿಸುವ ವ್ಯವಸ್ಥೆ) ಮೇಲೆ ನಿಂತ ಸಾಫ್ಟ್‌ವೇರ್ ಅಷ್ಟು ಜಾಸ್ತಿ ಇದೆ, ಮೇಲಾಗಿ 12 ಜಿಬಿ ಮೆಮೊರಿ ಅಂಥ ಕೆಲಸಕ್ಕೆ ನಿಜಕ್ಕೂ ಬೇಕಾಗುತ್ತದೆ. ಡಿಎಲ್‌ಎಸ್‌ಎಸ್ ಕೂಡ ಸಿಗುತ್ತದೆ. ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡುವ ಈ ತಂತ್ರದಲ್ಲಿ ಎನ್‌ವಿಡಿಯಾ ಮುಂದಿದೆ.

ಇಂಟೆಲ್‌ನ ಆರ್ಕ್ ಬಿ580 2024ರ ಡಿಸೆಂಬರ್‌ನಲ್ಲಿ ಬಂತು. 12 ಜಿಬಿ ಮೆಮೊರಿ, ಬೆಲೆಗೆ ತಕ್ಕದ್ದಕ್ಕಿಂತ ಜಾಸ್ತಿಯೇ ಕೊಡುತ್ತದೆ. ಎರಡು ಷರತ್ತು ಇವೆ. ಬಯಾಸ್‌ನಲ್ಲಿ (ಬೋರ್ಡ್‌ನ ಒಳಗಿನ ಸೆಟ್ಟಿಂಗ್ಸ್) ರಿಸೈಜಬಲ್ ಬಾರ್ ಅನ್ನುವ ಆಯ್ಕೆ ಆನ್ ಇರಲೇಬೇಕು, ಇಲ್ಲದಿದ್ದರೆ ಕಾರ್ಡ್ ನಿಧಾನ ಆಗುತ್ತದೆ. ಜೊತೆಗೆ ಹಳೆಯ ಅಥವಾ ದುರ್ಬಲ ಪ್ರೊಸೆಸರ್ ಜೊತೆ ಹಾಕಿದರೆ ಅದರ ಪೂರ್ತಿ ಶಕ್ತಿ ಹೊರಗೆ ಬರುವುದಿಲ್ಲ. ಹೊಸ ಆರು ಕೋರ್ ಪ್ರೊಸೆಸರ್ ಇದ್ದು, ಬಯಾಸ್ ತೆರೆಯಲು ಹೆದರದವರಿಗೆ ಇದು ಒಳ್ಳೆಯ ಆಯ್ಕೆ.

ಇನ್ನೊಂದು ಐದಾರು ಸಾವಿರ ಹೊಂದಿಸಬಹುದಾದರೆ ಆರ್‌ಟಿಎಕ್ಸ್ 4060, ಅದರ ನಂತರ 2025ರಲ್ಲಿ ಬಂದ 5060 ಇವೆ. 4060 ಬರೀ 115 ವ್ಯಾಟ್ ಎಳೆಯುತ್ತದೆ, ತಣ್ಣಗೆ ಓಡುತ್ತದೆ. ಇನ್ನೂ ಮೇಲೆ ಹೋದರೆ ಆರ್‌ಎಕ್ಸ್ 9060 ಎಕ್ಸ್‌ಟಿ ಇದೆ, ಇಲ್ಲೂ ಅದೇ ಹೆಸರಿನಲ್ಲಿ 8 ಜಿಬಿ ಮತ್ತು 16 ಜಿಬಿ ಎರಡು ಕಾರ್ಡ್. ಅಷ್ಟು ದುಡ್ಡು ಕೊಡುವಾಗ 16 ಜಿಬಿಯದನ್ನೇ ಕೇಳಿ ತೆಗೆದುಕೊಳ್ಳಿ. 1080ಪಿಯಲ್ಲೂ ಕೆಲವು ಹೊಸ ಆಟಗಳು 8 ಜಿಬಿಯನ್ನು ತುಂಬಿಸಿಬಿಡುತ್ತವೆ. ಆಗ ಟೆಕ್ಸ್ಚರ್ (ಗೋಡೆ, ನೆಲದ ಮೇಲಿನ ಚಿತ್ರಗಳ ಗುಣಮಟ್ಟ) ಒಂದು ಹಂತ ಇಳಿಸಬೇಕು. 25 ಸಾವಿರದ ಕಾರ್ಡ್‌ನಲ್ಲಿ ಅದನ್ನು ಒಪ್ಪಿಕೊಳ್ಳಬಹುದು, ಅದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟ ಮೇಲೆ ಒಪ್ಪಿಕೊಳ್ಳುವುದು ಕಷ್ಟ.

ಬೇಡವೇ ಬೇಡ ಅನ್ನುವ ಕಾರ್ಡ್ ಒಂದಿದೆ: ಆರ್‌ಎಕ್ಸ್ 6500 ಎಕ್ಸ್‌ಟಿ. ಬರೀ ನಾಲ್ಕು ಪಿಸಿಐಇ ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವೆ ಡೇಟಾ ಓಡುವ ದಾರಿ), ಹೆಚ್ಚಿನವು 4 ಜಿಬಿಯವು. ಹಳೆಯ ಪಿಸಿಐಇ 3.0 ಬೋರ್ಡ್‌ಗೆ ಹಾಕಿದರೆ ಇನ್ನಷ್ಟು ಕುಸಿಯುತ್ತದೆ. ವಿಡಿಯೋ ಎನ್‌ಕೋಡರ್ ಕೂಡ ಇಲ್ಲ, ಹಾಗಾಗಿ ಆಟ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಬೇಕು ಅನ್ನುವವರಿಗೆ ಪ್ರೊಸೆಸರ್ ಮೇಲೆಯೇ ಭಾರ ಬೀಳುತ್ತದೆ. ಹಾಗೇ ಜಿಟಿಎಕ್ಸ್ 1650, 1660 ಥರದ ಹಳೆಯ ಕಾರ್ಡ್‌ಗಳನ್ನು ಈಗ ಹೊಸದಾಗಿ ಕೊಳ್ಳಬೇಡಿ. 2024ರ ಕೊನೆಯಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ ರೇ ಟ್ರೇಸಿಂಗ್ (ಬೆಳಕು ಹೋಗುವ ದಾರಿಯನ್ನು ಲೆಕ್ಕ ಹಾಕುವ) ಹಾರ್ಡ್‌ವೇರ್ ಇಲ್ಲದ ಕಾರ್ಡ್‌ಗೆ ಬೆಂಬಲವನ್ನೇ ಕೊಡಲಿಲ್ಲ. ಆಮೇಲೆ 2025ರ ಹೊಸ ಡೂಮ್ ಕೂಡ ಅದೇ ದಾರಿ ಹಿಡಿಯಿತು.

ಸೆಕೆಂಡ್ ಹ್ಯಾಂಡ್ ಬಗ್ಗೆ ಎರಡು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ಅನ್ನುವ ಡಿಜಿಟಲ್ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡ್‌ನಿಂದ ಗಳಿಸುವ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ಓಡಿದ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೇನಲ್ಲ, ಆದರೆ ಫ್ಯಾನ್ ಸವೆದಿರುತ್ತದೆ, ಥರ್ಮಲ್ ಪ್ಯಾಡ್ ಒಣಗಿರುತ್ತದೆ. ಬಿಲ್ ಇದ್ದು, ವಾರಂಟಿ ಇನ್ನೂ ಉಳಿದಿದ್ದು, ಮಾರುವವರು ನಿಮ್ಮ ಕಣ್ಣೆದುರೇ 20 ನಿಮಿಷ ಆಟ ಓಡಿಸಿ ತೋರಿಸಿದರೆ ತೆಗೆದುಕೊಳ್ಳಿ. ಓಡುತ್ತಿರುವಾಗ ಕಿವಿ ಹತ್ತಿರ ಇಟ್ಟು ಫ್ಯಾನ್ ಸದ್ದು ಕೇಳಿ. ಕರಕರ ಅಂದರೆ ಬೇಡ.

ಕಾರ್ಡ್ ಅನ್ನೋದು ಬದಲಾಯಿಸಲು ತುಂಬಾ ಸುಲಭದ ಭಾಗ. ಹಳೆಯದನ್ನು ಮಾರಿ, ಮೇಲೊಂದಿಷ್ಟು ಹಾಕಿ, ಹೊಸದು ಸಿಕ್ಕಿಸಿದರೆ ಆಯ್ತು. ಹಾಗಾದರೆ ಇಲ್ಲೇ ಉಳಿಸಬಹುದಲ್ವಾ ಅಂತ ನೀವು ಕೇಳಬಹುದು. ತೀರಾ ಕೈ ಬಿಗಿ ಇದ್ದರೆ ಖಂಡಿತ ಉಳಿಸಿ. ಆದರೆ ಆಡುವ ಖುಷಿ ಮೊದಲ ದಿನದಿಂದ ಸಿಗಬೇಕು ಅಂದರೆ ಇದಕ್ಕೆ ದುಡ್ಡು ಬೇಕು. ಅದಕ್ಕೇ ಬೇರೆ ಕಡೆ ಉಳಿಸಿ ಇಲ್ಲಿಗೆ ತರುವ ಲೆಕ್ಕ ಹಾಕುತ್ತಿರುವುದು.

ಪ್ರೊಸೆಸರ್ ಮತ್ತು ಬೋರ್ಡ್: ಎರಡನ್ನೂ ಒಟ್ಟಿಗೇ ಆರಿಸಿ

ಪ್ರೊಸೆಸರ್ ಬೆಲೆಯನ್ನು ಒಂದೇ ನೋಡಬೇಡಿ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಸೇರಿ ಎಷ್ಟಾಯ್ತು ಅಂತ ನೋಡಿ.

ಈ ಬಜೆಟ್‌ನಲ್ಲಿ ಎದುರುಬದುರು ನಿಲ್ಲುವುದು ಎರಡು: ಎಎಂಡಿಯ ರೈಜನ್ 5 5600, ಇಂಟೆಲ್‌ನ ಐ5-12400ಎಫ್. ಎರಡೂ 2022ರಲ್ಲಿ ಬಂದವು. ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್ (ಒಟ್ಟಿಗೇ ನಡೆಸಬಹುದಾದ ಕೆಲಸದ ಸಾಲು). ಎರಡರ ಪೆಟ್ಟಿಗೆಯಲ್ಲೂ ಕೂಲರ್ ಬರುತ್ತದೆ. ಆಟದಲ್ಲಿ ಇವುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವಷ್ಟಿಲ್ಲ. ಕೊಳ್ಳುವ ದಿನ ಯಾವ ಜೋಡಿ ಅಗ್ಗವೋ ಅದನ್ನು ತೆಗೆದುಕೊಂಡರೆ ತಪ್ಪಾಗುವುದಿಲ್ಲ.

ಎಎಂಡಿ ಕಡೆ ಹೆಸರುಗಳನ್ನು ಸರಿಯಾಗಿ ಓದಿ. 5500, 5600, 5600ಜಿ ಅಕ್ಕಪಕ್ಕದ ಮನೆಯ ಹಾಗೆ ಕಾಣುತ್ತವೆ. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇದೆ, ಉಳಿದ ಎರಡರಲ್ಲಿ 16 ಎಂಬಿ. ಆಟಗಳಿಗೆ ಈ ಕ್ಯಾಶ್ ತುಂಬಾ ಮುಖ್ಯ. 5600ಜಿಯ ಅನುಕೂಲ ಬೇರೆ. ಅದರೊಳಗೇ ಗ್ರಾಫಿಕ್ಸ್ ಇದೆ. ಕಾರ್ಡ್‌ಗೆ ಈಗ ದುಡ್ಡೇ ಇಲ್ಲ, ಆರು ತಿಂಗಳು ವ್ಯಾಲೊರಂಟ್ ಮಾತ್ರ ಆಡುತ್ತೇನೆ, ಆಮೇಲೆ ಕಾರ್ಡ್ ಹಾಕುತ್ತೇನೆ ಅನ್ನುವವರಿಗೆ ಅದು ಸರಿಯಾದ ದಾರಿ.

ಇಂಟೆಲ್ ಕಡೆ ಕೊನೆಯ 'ಎಫ್' ಅಕ್ಷರ ನೋಡಿ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಎಲ್ಲರೂ ಎಫ್ ತೆಗೆದುಕೊಂಡು ಸ್ವಲ್ಪ ಉಳಿಸಿ ಅನ್ನುತ್ತಾರೆ. ಓದುವ ಹುಡುಗರಿಗೆ ನಾನು ಹಾಗೆ ಹೇಳುವುದಿಲ್ಲ. ಕಾರ್ಡ್ ಕೆಟ್ಟು ವಾರಂಟಿಗೆ ಕಳಿಸಿದರೆ ಎರಡು ವಾರ, ಕೆಲವು ಸಲ ತಿಂಗಳೇ ಹಿಡಿಯುತ್ತದೆ. ಎಫ್ ಇರುವ ಪ್ರೊಸೆಸರ್ ಆದರೆ ಅಷ್ಟು ದಿನ ಪರದೆ ಕಪ್ಪು. ಎಫ್ ಇಲ್ಲದ ಐ5-12400 ಇದ್ದರೆ ಆಟ ಇಲ್ಲದಿದ್ದರೂ ಅಸೈನ್‌ಮೆಂಟ್ ನಡೆಯುತ್ತದೆ, ಆನ್‌ಲೈನ್ ಕ್ಲಾಸ್ ನಡೆಯುತ್ತದೆ. ಮನೆಯಲ್ಲಿ ಇರುವುದು ಅದೊಂದೇ ಕಂಪ್ಯೂಟರ್ ಆಗಿದ್ದರೆ ಆ ವ್ಯತ್ಯಾಸದ ದುಡ್ಡು ಕೊಡುವುದೇ ಸರಿ. ನಮ್ಮ ಹುಡುಗನಿಗೆ ಅದನ್ನೇ ಕೊಡಿಸಿದ್ದು.

ಐ3-12100ಎಫ್ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ನಾಲ್ಕು ಕೋರ್, ಎಂಟು ಥ್ರೆಡ್. ವ್ಯಾಲೊರಂಟ್‌ಗೆ ಸಾಕೋ ಸಾಕು. ದೊಡ್ಡ ಆಟಗಳಲ್ಲಿ ಸರಾಸರಿ ಫ್ರೇಮ್ ಚೆನ್ನಾಗಿಯೇ ಇರುತ್ತದೆ, ಆದರೆ ಜನ ತುಂಬಿದ ಬೀದಿಗೆ ಹೋದ ಕೂಡಲೇ ತಡವರಿಸುತ್ತದೆ. 40-45 ಸಾವಿರದ ಪಿಸಿಗೆ ಇದು ಸರಿ, ಅದಕ್ಕಿಂತ ಮೇಲೆ ಆರು ಕೋರ್ ಇರಲಿ.

ಈಗ 'ಆಮೇಲೆ' ಅನ್ನುವ ಪ್ರಶ್ನೆ. ರೈಜನ್ 2017ರಲ್ಲಿ ಎಎಂ4 ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಮೇಲೆ ಬಂತು. ಆ ವರ್ಷ ಬೋರ್ಡ್ ಕೊಂಡವರು ಐದು ವರ್ಷ ಬಿಟ್ಟು ಬಯಾಸ್ ಅಪ್‌ಡೇಟ್ ಮಾಡಿ ಅದರ ಮೇಲೆ 5800ಎಕ್ಸ್3ಡಿ ಕೂರಿಸಿಕೊಂಡರು. ಬೋರ್ಡ್ ಬದಲಾಯಿಸದೆ ಅಷ್ಟು ದೂರ ಹೋಗುವುದು ಸಣ್ಣ ವಿಷಯ ಅಲ್ಲ. ಈಗ ಆ ಭಾಗ್ಯ ಇರುವುದು 2022ರಲ್ಲಿ ಶುರುವಾದ ಎಎಂ5ಗೆ. ಅದರಲ್ಲಿ ರೈಜನ್ 5 7500ಎಫ್ ಅಥವಾ 7600 ಹಾಕಿದರೆ ಮುಂದೆ ಹತ್ತಲು ಮೆಟ್ಟಿಲು ಇವೆ. ತೊಂದರೆ ಏನೆಂದರೆ ಎಎಂ5 ಬರೀ ಡಿಡಿಆರ್5 ಅನ್ನುವ ಹೊಸ ಬಗೆಯ ರ‍್ಯಾಮ್ ಒಪ್ಪುತ್ತದೆ, ಬೋರ್ಡ್ ಕೂಡ ದುಬಾರಿ. 60 ಸಾವಿರದಲ್ಲಿ ಎಎಂ5ಗೆ ಹೋದರೆ ಆ ಹೆಚ್ಚಿನ ದುಡ್ಡನ್ನು ಕಾರ್ಡ್‌ನಿಂದಲೇ ಕಿತ್ತುಕೊಳ್ಳಬೇಕು. ನನ್ನ ಲೆಕ್ಕ ಹೀಗೆ: 75 ಸಾವಿರ ದಾಟಿದರೆ ಎಎಂ5, ಅದಕ್ಕಿಂತ ಕೆಳಗೆ ಎಎಂ4 ಅಥವಾ ಇಂಟೆಲ್ 12ನೇ ತಲೆಮಾರು. ಇಂಟೆಲ್‌ನ ಎಲ್‌ಜಿಎ1700 ಬೋರ್ಡ್ ಮೇಲೆ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್ ಕೂಡ ಕೂರುತ್ತವೆ. ಹಾಗಾಗಿ ಅಲ್ಲೂ ಒಂದೆರಡು ಮೆಟ್ಟಿಲು ಇವೆ.

ಬೋರ್ಡ್ ಆರಿಸುವಾಗ ಚಿಪ್‌ಸೆಟ್ ಹೆಸರಿಗಿಂತ ಸ್ಲಾಟ್ ಎಣಿಸಿ. ಎಚ್610 ಮತ್ತು ಅಗ್ಗದ ಎ520 ಬೋರ್ಡ್‌ಗಳಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್, ಎಂ.2ಗೆ (ಆಟ, ಫೈಲ್ ಇಡುವ ಎಸ್‌ಎಸ್‌ಡಿ ಸಿಕ್ಕಿಸುವ ಜಾಗ) ಸಾಮಾನ್ಯವಾಗಿ ಒಂದೇ. ಬಿ550, ಬಿ660, ಬಿ760ರಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುತ್ತವೆ. ಇಂಟೆಲ್ ಬೋರ್ಡ್ ಆದರೆ ಇನ್ನೊಂದು ಎಚ್ಚರ: ಒಂದೇ ಮಾದರಿ ಡಿಡಿಆರ್4 ಮತ್ತು ಡಿಡಿಆರ್5 ಎರಡರಲ್ಲೂ ಬರುತ್ತದೆ. ಪೆಟ್ಟಿಗೆ ಮೇಲೆ ಓದದೆ ತಂದರೆ ರ‍್ಯಾಮ್ ಸ್ಲಾಟ್‌ಗೆ ಕೂರುವುದೇ ಇಲ್ಲ. ವೈಫೈ ಇರುವ ಬೋರ್ಡ್‌ಗಾಗಿ ಜಾಸ್ತಿ ಕೊಡಬೇಡಿ. ಅದನ್ನು ಆಮೇಲೆ ಯುಎಸ್‌ಬಿಯಲ್ಲಿ ಸೇರಿಸಬಹುದು.

ಎಸ್‌ಎಂಪಿಎಸ್: ಇಲ್ಲಿ ಮಾತ್ರ ಉಳಿಸಬೇಡಿ

ನನ್ನ ಮೊದಲ ಪಿಸಿಯಲ್ಲಿ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ಸೇ ಇತ್ತು. ಶಿವಮೊಗ್ಗದ ಮಳೆಗಾಲ. ಒಂದು ಸಂಜೆ ಕರೆಂಟ್ ಹೋಗಿ ಬಂತು, ಮತ್ತೆ ಹೋಗಿ ಬಂತು. ಎರಡನೇ ಸಲ ಬಂದಾಗ ಪಟ್ ಅಂತ ಸದ್ದು, ಹಿಂದೆಯೇ ಸುಟ್ಟ ವಾಸನೆ. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಬೇಸರ ಇರಲಿಲ್ಲ. ಅದು ಮದರ್‌ಬೋರ್ಡ್ ಮತ್ತು ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಡಿಸ್ಕಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಇತ್ತು. ಎರಡು ತಿಂಗಳ ಕೆಲಸವನ್ನು ಮೊದಲಿನಿಂದ ಮಾಡಿದೆ. ಅವತ್ತಿನಿಂದ ಯಾರೇ ಪಟ್ಟಿ ತೋರಿಸಿದರೂ ನನ್ನ ಕಣ್ಣು ಮೊದಲು ಹೋಗುವುದು ಎಸ್‌ಎಂಪಿಎಸ್ ಸಾಲಿಗೆ.

ಅಂಗಡಿಯಲ್ಲಿ ಎರಡು ಡಬ್ಬಗಳನ್ನು ಕೈಯಲ್ಲಿ ಹಿಡಿದು ನೋಡಿ. ಅಗ್ಗದ್ದು ಖಾಲಿ ಟಿನ್ ಹಾಗೆ ಹಗುರ ಇರುತ್ತದೆ. ಆಮೇಲೆ ಪಕ್ಕದ ಸ್ಟಿಕ್ಕರ್ ಓದಿ. ದೊಡ್ಡದಾಗಿ ಬರೆದ ವ್ಯಾಟ್ ಬಿಟ್ಟು, ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪ್ ಅಂತ ಬರೆದಿದೆ ನೋಡಿ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಉಣ್ಣುವುದು ಆ 12 ವೋಲ್ಟ್‌ನಿಂದಲೇ. ಅಕ್ಕನ ಮಗ ಕಳಿಸಿದ ಪಟ್ಟಿಯ 450 ವ್ಯಾಟ್ ಡಬ್ಬದ ಮೇಲೆ 16 ಆಂಪ್ ಅಂತ ಇತ್ತು. 12ರಿಂದ ಗುಣಿಸಿದರೆ 192 ವ್ಯಾಟ್. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ಎಳೆಯುತ್ತದೆ. ಆಟದ ಹೊತ್ತಿನಲ್ಲಿ ಪ್ರೊಸೆಸರ್ 60-70 ಅಂದುಕೊಳ್ಳಿ. ಅಲ್ಲಿಗೇ ಮುಗಿಯಿತು, ಫ್ಯಾನ್, ಬೋರ್ಡ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್ ಮೇಲೆ ಅದೇ ಜಾಗದಲ್ಲಿ 45 ಆಂಪ್ ಆಸುಪಾಸು ಇರುತ್ತದೆ. ಅಂದರೆ ಬರೆದ 550ರಲ್ಲಿ ಹೆಚ್ಚುಕಡಿಮೆ ಪೂರ್ತಿ 12 ವೋಲ್ಟ್‌ನಲ್ಲೇ ಸಿಗುತ್ತದೆ.

80 ಪ್ಲಸ್ ಬ್ರಾಂಜ್ ಅನ್ನುವ ಗುರುತು ಒಳ್ಳೆಯದೇ. ಆದರೆ ಅದು ಹೇಳುವುದು ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಅನ್ನೋದನ್ನು ಮಾತ್ರ. ಒಳಗಿನ ಭಾಗ ಎಷ್ಟು ಗಟ್ಟಿ ಅಂತ ಅದು ಹೇಳುವುದಿಲ್ಲ. ನಾನು ನೋಡುವುದು ವಾರಂಟಿಯನ್ನು. ಒಂದು ವರ್ಷ ಕೊಡುವ ಡಬ್ಬ ಮತ್ತು ಐದು ವರ್ಷ ಕೊಡುವ ಡಬ್ಬ ಪಕ್ಕಪಕ್ಕ ಇದ್ದರೆ, ಮಾಡಿದವರಿಗೇ ಯಾವುದರ ಮೇಲೆ ನಂಬಿಕೆ ಇದೆ ಅಂತ ಗೊತ್ತಾಗುತ್ತದೆ ಅಲ್ವಾ? ಒಳ್ಳೆಯ 550 ವ್ಯಾಟ್‌ನದು ಒಂದು ತಂದರೆ ಮುಂದಿನ ಕಾರ್ಡ್‌ಗೂ ಅದೇ ಸಾಕು. ಪ್ರೊಸೆಸರ್, ಬೋರ್ಡ್ ಎಲ್ಲಾ ಬದಲಾದ ಮೇಲೂ ಅದು ಉಳಿಯುತ್ತದೆ.

ಮನೆಯ ಅರ್ಥಿಂಗ್ ಕೂಡ ನೋಡಿಸಿ. ಹಳೆಯ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತದೆ, ಅದು ಅರ್ಥಿಂಗ್ ಇಲ್ಲದ ಲಕ್ಷಣ. ಎಲೆಕ್ಟ್ರಿಷಿಯನ್ ಕರೆದು ಸರಿ ಮಾಡಿಸುವುದು ಯಾವ ಭಾಗಕ್ಕಿಂತಲೂ ಅಗ್ಗ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ಕರೆಂಟ್ ಹೋದಾಗ ಕೆಲಸ ಉಳಿಸಿ ಪಿಸಿ ಮುಚ್ಚಲು ಅಷ್ಟು ಸಾಕು.

ರ‍್ಯಾಮ್ ಮತ್ತು ಎಸ್‌ಎಸ್‌ಡಿ: ಈಗ ಸ್ವಲ್ಪ, ಆಮೇಲೆ ಜಾಸ್ತಿ

2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದೇ ಕಾರಣ. ಹಾಗಾಗಿ 32 ಜಿಬಿ ಆಸೆ ಸದ್ಯಕ್ಕೆ ಬಿಡಿ. ಈ ಬಜೆಟ್‌ನ ಪಿಸಿಗೆ 16 ಜಿಬಿ ಸಾಕು.

ಪ್ರಶ್ನೆ ಇರುವುದು 8ರ ಎರಡು ಸ್ಟಿಕ್ಕೋ 16ರ ಒಂದು ಸ್ಟಿಕ್ಕೋ ಅನ್ನೋದರಲ್ಲಿ. ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್‌ಗೆ ಎರಡು ದಾರಿಯಲ್ಲಿ ಡೇಟಾ ಬರುತ್ತದೆ, ಆಟ ನುಣುಪಾಗುತ್ತದೆ. ಒಂದೇ ಸ್ಟಿಕ್ ಇದ್ದರೆ ಪ್ರೊಸೆಸರ್ ಮೇಲೆ ಭಾರ ಬೀಳುವ ಆಟಗಳಲ್ಲಿ ಫ್ರೇಮ್ ಇಳಿಯುತ್ತದೆ. ನಾಲ್ಕು ಸ್ಲಾಟ್ ಬೋರ್ಡ್ ಆದರೆ ಯೋಚನೆಯೇ ಬೇಡ, 8ರ ಎರಡು ಹಾಕಿ. ಎರಡೇ ಸ್ಲಾಟ್ ಇದ್ದರೆ ನಿಮ್ಮ ಯೋಜನೆ ನೋಡಿಕೊಳ್ಳಿ. ಆರೇಳು ತಿಂಗಳಲ್ಲಿ ಇನ್ನೊಂದು 16 ಖಂಡಿತ ಸೇರಿಸುತ್ತೀರಿ ಅಂದರೆ 16ರ ಒಂದು ಹಾಕಬಹುದು. 5600ಜಿ ಥರದ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಮೇಲೆ ಆಡುವವರು ಮಾತ್ರ ಒಂದೇ ಸ್ಟಿಕ್ ಹಾಕಲೇಬಾರದು. ಅದರ ಗ್ರಾಫಿಕ್ಸ್ ಬಳಸುವ ಮೆಮೊರಿಯೂ ಇದೇ ರ‍್ಯಾಮ್.

ಎಸ್‌ಎಸ್‌ಡಿ ವಿಷಯ ಬೇಗ ಮುಗಿಯುತ್ತದೆ. ಎಂ.2 ಎನ್‌ವಿಎಂಇ (ಬೋರ್ಡ್‌ಗೇ ನೇರ ಸಿಕ್ಕಿಸುವ ವೇಗದ ಬಗೆ) ತೆಗೆದುಕೊಳ್ಳಿ. ಅದರ ಎರಡು ತಲೆಮಾರುಗಳಾದ ಜೆನ್3 ಮತ್ತು ಜೆನ್4 ನಡುವೆ ಆಟ ಲೋಡ್ ಆಗುವುದರಲ್ಲಿ ನಿಮಗೆ ವ್ಯತ್ಯಾಸ ಕಾಣುವುದಿಲ್ಲ. ದುಡ್ಡಿದ್ದರೆ 1 ಟಿಬಿ, ಇಲ್ಲದಿದ್ದರೆ 500 ಜಿಬಿ. ಈಗಿನ ದೊಡ್ಡ ಆಟಗಳಲ್ಲಿ ಹಲವು ಒಂದೊಂದೇ 100 ಜಿಬಿ ದಾಟುತ್ತವೆ ಅನ್ನೋದು ನೆನಪಿರಲಿ. ಎಸ್‌ಎಸ್‌ಡಿ ಚಿಪ್‌ನ ಬಗೆಗಳಾದ ಟಿಎಲ್‌ಸಿ ಮತ್ತು ಕ್ಯೂಎಲ್‌ಸಿ ಎರಡೂ ಒಂದೇ ಬೆಲೆಗೆ ಇದ್ದರೆ ಟಿಎಲ್‌ಸಿ ಆರಿಸಿ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಸಿನಿಮಾ, ಫೋಟೋಗೆ ಇಟ್ಟುಕೊಳ್ಳಿ, ಆಟವನ್ನು ಅದರ ಮೇಲೆ ಹಾಕಬೇಡಿ.

ಕ್ಯಾಬಿನೆಟ್

ಮುಂದೆ ಗಾಜು ಇರುವುದೋ, ಜಾಲರಿ ಇರುವುದೋ? ಜಾಲರಿ. ಮುಂದೆ ಎರಡು ಫ್ಯಾನ್, ಹಿಂದೆ ಒಂದು. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಬಿಸಿ ಗಾಳಿಯೂ ಒಳಗೆ ಹೋಗಲು ದಾರಿ ಇಲ್ಲದಿದ್ದರೆ ಕಾರ್ಡ್ ತಾನಾಗೇ ವೇಗ ಇಳಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ತೊಂದರೆ ಧೂಳಿನದು. ಬಿಚ್ಚಿ ತೊಳೆಯಬಹುದಾದ ಫಿಲ್ಟರ್ ಇದೆಯಾ ನೋಡಿ. ಕಾರ್ಡ್‌ನ ಉದ್ದ ಕ್ಯಾಬಿನೆಟ್ ಒಳಗೆ ಹಿಡಿಸುತ್ತದಾ ಅಂತಲೂ ಮೊದಲೇ ಅಳೆಯಿರಿ.

60 ಸಾವಿರವೂ ಇಲ್ಲದಿದ್ದರೆ

ಕಂಪನಿಗಳು ಬಿಟ್ಟುಕೊಟ್ಟ ಆಫೀಸ್ ಪಿಸಿಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಇಂಟೆಲ್ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರುವ ಟವರ್ ಒಂದನ್ನು ತಂದು, ಮೇಲೆ ಹೇಳಿದ 70 ವ್ಯಾಟ್‌ನ 3050 6 ಜಿಬಿ ಹಾಕಿದರೆ ಕಡಿಮೆ ದುಡ್ಡಿಗೆ ಆಡಲು ಶುರು ಮಾಡಬಹುದು. 8ನೇ ತಲೆಮಾರಿಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಹಳೆಯ ಚಿಪ್‌ಗಳನ್ನು ಒಪ್ಪುವುದಿಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಕೂಡ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ವ್ಯವಸ್ಥೆಗಳನ್ನು ಕೇಳುತ್ತದೆ. ತೆಳ್ಳಗಿನ ಸಣ್ಣ ಡಬ್ಬದ ಮಾದರಿ ತಂದರೆ ಸಾಮಾನ್ಯ ಎತ್ತರದ ಕಾರ್ಡ್ ಹಿಡಿಸುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಈ ದಾರಿಯಲ್ಲಿ ಮುಂದೆ ಬೆಳೆಯಲು ಜಾಗ ಕಡಿಮೆ. ಬೋರ್ಡ್, ಎಸ್‌ಎಂಪಿಎಸ್ ಎರಡೂ ಹೆಚ್ಚಾಗಿ ಆ ಕಂಪನಿಯದೇ ಅಳತೆಯವು, ಬೇರೆ ಕಡೆ ಕೂರುವುದಿಲ್ಲ.

ಎಸ್.ಪಿ. ರೋಡೋ, ಆನ್‌ಲೈನೋ

ಬೆಂಗಳೂರಿನವರಿಗೆ ಟೌನ್ ಹಾಲ್ ಹತ್ತಿರದ ಸಾದರ ಪತ್ರಪ್ಪ ರಸ್ತೆ ಇದೆ. ಎಲ್ಲರ ಬಾಯಲ್ಲಿ ಎಸ್.ಪಿ. ರೋಡ್. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ಬಾಗಿಲು, ಬೇರೆ ದಿನ ಬೆಳಿಗ್ಗೆಯೇ ಹೋಗಿ. ಮೂರು ಅಂಗಡಿಯಲ್ಲಿ ಪೂರ್ತಿ ಪಟ್ಟಿಗೆ ಬೆಲೆ ಕೇಳಿ. ಒಂದೊಂದು ಭಾಗಕ್ಕೆ ಬೇರೆ ಬೇರೆ ಅಂಗಡಿ ಸುತ್ತುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ತಗೋತೀನಿ ಅಂದರೆ ಬೆಲೆ ಇಳಿಯುತ್ತದೆ, ಜೋಡಿಸಿಯೂ ಕೊಡುತ್ತಾರೆ. ಆನ್‌ಲೈನ್‌ನ ಅನುಕೂಲ ಬೆಲೆ ಹೋಲಿಸುವುದರಲ್ಲಿದೆ. ಹೋಗುವ ಮುಂಚೆ ಫೋನಿನಲ್ಲಿ ಅಂದಿನ ಬೆಲೆ ನೋಡಿಟ್ಟುಕೊಂಡರೆ ಮಾತಾಡಲು ಧೈರ್ಯ ಬರುತ್ತದೆ.

'ಬಿಲ್ ಬೇಡ ಅಂದರೆ ಇಷ್ಟು ಕಡಿಮೆ' ಅನ್ನುವ ಮಾತು ಬಂದರೆ ಒಪ್ಪಬೇಡಿ. ಜಿಎಸ್‌ಟಿ 18 ಶೇಕಡಾ ಉಳಿದ ಹಾಗೆ ಕಾಣುತ್ತದೆ, ಆದರೆ ಮೂರು ವರ್ಷದ ವಾರಂಟಿ ಕೇಳಲು ಹೋದಾಗ ಆ ಕಾಗದವೇ ಬೇಕು. ಅಮೆರಿಕದಲ್ಲೋ ದುಬೈನಲ್ಲೋ ಇರುವ ಅಣ್ಣ ರಜೆಗೆ ಬರುವಾಗ ಕಾರ್ಡ್ ತಂದುಕೊಡುತ್ತೇನೆ ಅಂದರೆ, ಆ ಕಂಪನಿಯ ವಾರಂಟಿ ಭಾರತದಲ್ಲಿ ನಡೆಯುತ್ತದಾ ಅಂತ ಮೊದಲೇ ಕೇಳಿಸಿಕೊಳ್ಳಿ. ಹಲವು ಕಂಪನಿಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ.

ಜೋಡಿಸಿದ ಮೇಲೆ

ಮಾನಿಟರ್ ಕೇಬಲ್ ಕಾರ್ಡ್‌ನ ತೂತಿಗೆ ಹೋಗಬೇಕು, ಮೇಲಿರುವ ಬೋರ್ಡ್‌ನ ತೂತಿಗಲ್ಲ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ (ಮೆಮೊರಿಯನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಅದಿಲ್ಲದಿದ್ದರೆ 3200ರ ರ‍್ಯಾಮ್ 2133 ಅಥವಾ 2666ರಲ್ಲೇ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ಬರೆದಿರುತ್ತದೆ, ನೋಡಿಕೊಳ್ಳಿ. ಕಾರ್ಡ್‌ನ ಪೆಟ್ಟಿಗೆ ಬಿಸಾಡಬೇಡಿ, ಮುಂದೆ ಮಾರುವಾಗ ಪೆಟ್ಟಿಗೆ ಮತ್ತು ಬಿಲ್ ಇದ್ದರೆ ಒಳ್ಳೆಯ ಬೆಲೆ ಬರುತ್ತದೆ.

ನಮ್ಮ ಹುಡುಗ ಕೊನೆಗೆ ತೆಗೆದುಕೊಂಡಿದ್ದು ಐ5-12400, ನಾಲ್ಕು ಸ್ಲಾಟ್‌ನ ಬಿ760 ಡಿಡಿಆರ್4 ಬೋರ್ಡ್, 8ರ ಎರಡು ರ‍್ಯಾಮ್, ಆರ್‌ಎಕ್ಸ್ 6600, 500 ಜಿಬಿ ಎಸ್‌ಎಸ್‌ಡಿ, ಐದು ವರ್ಷ ವಾರಂಟಿಯ 550 ವ್ಯಾಟ್ ಎಸ್‌ಎಂಪಿಎಸ್, ಲೈಟ್ ಇಲ್ಲದ ಜಾಲರಿ ಕ್ಯಾಬಿನೆಟ್. ಜೋಡಿಸಿದ ರಾತ್ರಿಯೇ ವಿಡಿಯೋ ಕಾಲ್ ಮಾಡಿದ. 'ಮಾಮ, ಎಲ್ಲಾ ಚೆನ್ನಾಗಿದೆ, ಆದರೆ ಗೆಳೆಯನ ಮನೇಲಿ ಆಡಿದಷ್ಟು ನುಣುಪಾಗಿಲ್ಲ' ಎಂದ. ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ಹರ್ಟ್ಜ್ ಎಷ್ಟಿದೆ ಓದು ಎಂದೆ. 60 ಅಂತ ಇತ್ತು. 165ಕ್ಕೆ ಬದಲಿಸಿದ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂತು. ಸುಮ್ನೆ ಮೌಸ್ ಬಾಣವನ್ನು ಒಂದು ಸುತ್ತು ಓಡಿಸಿ ನೋಡಿದ. 'ಆಮೇಲೆ ಮಾಡ್ತೀನಿ ಮಾಮ' ಅಂತ ಹೇಳಿ ಫೋನ್ ಇಟ್ಟ.